ಮಂತ್ರಿಯಲ್ಲದ ಮುಖ್ಯ ಅತಿಥಿ

ಮೂರು ವರ್ಷದ ಹಿಂದಿನ ಯುಗಾದಿ. ಅಮೆರಿಕದ ಆಸ್ಟಿನ್ ಸುತ್ತಮುತ್ತಲಿನ ನಮ್ಮ ಕನ್ನಡ ಸಂಘಕ್ಕೆ ಆಗ ನಾನು ಕಾರ್ಯದರ್ಶಿ. ಹಬ್ಬದ ಕಾರ್ಯಕ್ರಮದ ದಿನವೇ, ಊಟವಾದ ಮೇಲೆ ಅಧ್ಯಕ್ಷರ ಚುನಾವಣೆ. ಅದಕ್ಕೆ ನಾನೂ ನಿಂತಿದ್ದೆ, ಗೆದ್ದೇ ಗೆಲ್ಲುತ್ತೇನೆ ಎಂದು ಖಾತ್ರಿಯೂ ಇತ್ತು. ಹುಬ್ಬಳ್ಳಿಯವನು ನಾನು, ಬಾಯಿ ಸ್ವಲ್ಪ ಜೋರು. ಕೈಗೆ ಮೈಕ್ ಸಿಕ್ಕರೆ ಸುಲಭಕ್ಕೆ ಬಿಡುವ ಪೈಕಿ ಅಲ್ಲ.

ಹತ್ತು ದಿನ ಇದೆ ಎನ್ನುವಾಗ, ಬೆಂಗಳೂರಿನಿಂದ ಬರಬೇಕಾಗಿದ್ದ ಮುಖ್ಯ ಅತಿಥಿಗೆ ವೀಸಾ ಸಿಗಲಿಲ್ಲ. ಮುಖ್ಯ ಅತಿಥಿ ಇಲ್ಲದೆ ನಮ್ಮಲ್ಲಿ ಕಾರ್ಯಕ್ರಮ ಆಗುವುದುಂಟೇ? ಶಾಲು ಬಂದಾಗಿತ್ತು, ಮೈಸೂರು ಪೇಟ ಬಂದಾಗಿತ್ತು, ತೊಡಿಸುವುದಕ್ಕೆ ತಲೆಯೇ ಇರಲಿಲ್ಲ.

ಆಗ ನೆನಪಾದವರು ಸಿಗ್ರಿಡ್. ಆಸ್ಟಿನ್ ಪಕ್ಕದ ಜಾರ್ಜ್‌ಟೌನಿನಲ್ಲಿ ನಮ್ಮ ಪಕ್ಕದ ಮನೆಯಾಕೆಯ ತಾಯಿ, ನಾರ್ವೆಯವರು. ವಯಸ್ಸು ಎಪ್ಪತ್ತೈದು ದಾಟಿತ್ತು. ಚಳಿಗಾಲ ಕಳೆಯಲು ಮಗಳ ಮನೆಗೆ ಬಂದಿದ್ದರು. ನನ್ನ ಹೆಂಡತಿ ಸುಜಾತಾ ಮಾಡುವ ಹಚ್ಚಿದ ಅವಲಕ್ಕಿ ಎಂದರೆ ಅವರಿಗೆ ಪ್ರಾಣ. ಸಂಜೆ ಚಹಾಕ್ಕೆ ಬಂದು ತಮ್ಮ ಕತೆ ಹೇಳುತ್ತಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ಪಕ್ಷ ಸೇರಿ ಹಿಮದಲ್ಲಿ ಮನೆಮನೆಗೆ ಕರಪತ್ರ ಹಂಚಿದ್ದು, ಶಾಲೆಯಲ್ಲಿ ಗಣಿತ ಕಲಿಸುತ್ತಲೇ ಊರಿನ ಪುರಸಭೆಗೆ ಆಯ್ಕೆಯಾಗಿದ್ದು, ಆಮೇಲೆ ಎರಡು ಅವಧಿ, ಎಂಟು ವರ್ಷ, ಪಾರ್ಲಿಮೆಂಟು. ದಿನಾ ಟ್ರಾಮ್ ಹತ್ತಿ ಹೋಗುತ್ತಿದ್ದರಂತೆ! ನಮ್ಮ ಕಡೆ ಕಾರ್ಪೊರೇಟರ್ ಬಸ್ ಹತ್ತಿದ್ದನ್ನೂ ನಾನು ನೋಡಿಲ್ಲ. ಅಲ್ಲಿ ಜನ ಮತ ಹಾಕುವುದು ಪಕ್ಷ ಕೊಟ್ಟ ಪಟ್ಟಿಗೆ, ಮೇಲಿನ ಹೆಸರಿನವರಿಗೆ ಮೊದಲು ಸೀಟು. ಮೂರನೇ ಸಲ ಪಕ್ಷ ಪಟ್ಟಿಯಲ್ಲಿ ಇವರ ಹೆಸರನ್ನು ಕೆಳಗಿಳಿಸಿತು, ಇವರು ಸೋತರು. ಸುಮ್ಮನೆ ವಾಪಸ್ಸು ಹೋಗಿ ಹಳೆಯ ಶಾಲೆಯಲ್ಲೇ ಪಾಠ ಶುರು ಮಾಡಿದರು.

ಅತಿಥಿಯಾಗಿ ಬನ್ನಿ ಎಂದೆ, ಒಪ್ಪಿದರು. ಅವತ್ತೇ ಕೂತು ಕರಪತ್ರ ಮಾಡಿದೆ. ಮೇಲೆ ಅವರ ಫೋಟೋ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ನಾರ್ವೆ ದೇಶದ ಮಾಜಿ ಮಂತ್ರಿಗಳು’. ಪಕ್ಕದಲ್ಲಿ ನನ್ನ ಫೋಟೋ, ‘ನಮ್ಮ ಕನ್ನಡ ಶಾಲೆಯ ಸ್ಥಾಪಕರು’.

ಸುಜಾತಾ ನೋಡಿ, “ಏನ್ರೀ ಇದು? ಅವರು ಮಂತ್ರಿ ಯಾವಾಗ ಆಗಿದ್ರು?” ಎಂದಳು.

“ಎಂಟು ವರ್ಷ ಪಾರ್ಲಿಮೆಂಟಿನಾಗ ಕೂತವರು ಮಂತ್ರಿಗಿಂತ ಏನ್ ಕಡಿಮಿ? ಬರೇ ಮೆಂಬರ್ ಅಂದ್ರ ಜನ ಬರ್ತಾರೇನ?”

“ಮತ್ತ ನೀವು ಯಾವಾಗ ಸ್ಥಾಪಕರಾದ್ರಿ?”

ನಾನು ಕೇಳಿಸದವನ ಹಾಗೆ ಪ್ರಿಂಟರ್ ಕಡೆ ತಿರುಗಿದೆ. ನಿಜ ಹೇಳಬೇಕೆಂದರೆ ಆ ಶಾಲೆ ಶುರು ಮಾಡಿದವರು ಧಾರವಾಡದ ವಿಮಲಾ ಆಂಟಿ. ಕಾರನ್ನು ಹೊರಗೆ ಬಿಸಿಲಿಗೆ ನಿಲ್ಲಿಸಿ, ತಮ್ಮ ಗ್ಯಾರೇಜಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂಬತ್ತು ವರ್ಷ ಅಆಇಈ ತಿದ್ದಿಸಿದ್ದರು. ಅವರಿಗೆ ಮೊಣಕಾಲು ನೋವು ಜಾಸ್ತಿಯಾದಾಗ ನಾನು ಕ್ಲಾಸನ್ನು ಲೈಬ್ರರಿಯ ರೂಮಿಗೆ ಶಿಫ್ಟ್ ಮಾಡಿದೆ, ಹೆಸರಿಟ್ಟೆ, ಬ್ಯಾನರ್ ಕಟ್ಟಿದೆ. ಯಾರೋ ಒಮ್ಮೆ ನನ್ನನ್ನು ಸ್ಥಾಪಕರು ಎಂದರು. ನಾನು ಅಲ್ಲ ಎನ್ನಲಿಲ್ಲ. ಎರಡು ವರ್ಷದಲ್ಲಿ ಅದು ನನಗೇ ನಿಜ ಅನ್ನಿಸತೊಡಗಿತ್ತು.

ಹಬ್ಬದ ಬೆಳಿಗ್ಗೆ ಸಿಗ್ರಿಡ್ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು, ಹೆಮ್ಮೆಯಿಂದ ಕರಪತ್ರ ಅವರ ಕೈಗಿಟ್ಟೆ. ತಮ್ಮ ಫೋಟೋದ ಕೆಳಗೆ ಬೆರಳಿಟ್ಟು, ಏನು ಬರೆದಿದೆ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ನಾನು ಮಂತ್ರಿಯಾಗಿರಲಿಲ್ಲ.”

“ಗೊತ್ತು. ನಮ್ಮ ಕಡೆ ಸ್ವಲ್ಪ ಹೆಚ್ಚಿಗೆ ಹೇಳುವುದೇ ಮರ್ಯಾದೆ,” ಎಂದು ನಕ್ಕೆ. ಅವರು ನಗಲಿಲ್ಲ.

ಆಗ ಅವರು ಅದುವರೆಗೆ ನಮಗೆ ಹೇಳದೇ ಇದ್ದ ಮಾತನ್ನು ಹೇಳಿದರು. ಅವರ ಊರಿನ ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ಚುವುದರಲ್ಲಿತ್ತು. ಅದನ್ನು ಉಳಿಸಿದ್ದು ಮಾರಿಟ್ ಎಂಬ ಸೂಲಗಿತ್ತಿ ನರ್ಸ್. ಮಾರಿಟ್ ವಿರೋಧ ಪಕ್ಷದವಳು, ಆದರೆ ಇವರ ಬಾಲ್ಯದ ಗೆಳತಿ. ಊರೆಲ್ಲ ತಿರುಗಿ ಸಹಿ ಹಾಕಿಸಿದವಳು ಅವಳೇ. ಚುನಾವಣೆ ಬಂದಾಗ ಇವರ ಪಕ್ಷದ ಕರಪತ್ರದಲ್ಲಿ ‘ಹೆರಿಗೆ ವಾರ್ಡ್ ಉಳಿಸಿದ ಸಿಗ್ರಿಡ್’ ಎಂದು ಅಚ್ಚಾಯಿತು. ತಿದ್ದಬೇಕು ಎಂದು ಇವರು ಹೇಳಿದಾಗ, ಚುನಾವಣೆ ಮುಗಿಯಲಿ ಎಂದರು ಪಕ್ಷದವರು.

“ಮುಗಿಯಿತು, ಗೆದ್ದೆ. ಆಮೇಲೆ ತಿದ್ದಲು ನಾಚಿಕೆಯಾಯಿತು. ಮಾರಿಟ್ ಜಗಳ ಮಾಡಲಿಲ್ಲ. ಎದುರಿಗೆ ಸಿಕ್ಕರೆ ನಮಸ್ಕಾರ ಮಾಡುತ್ತಿದ್ದಳು, ಮನೆಗೆ ಮಾತ್ರ ಬರಲಿಲ್ಲ. ಇಪ್ಪತ್ತೆರಡು ವರ್ಷ. ಈಗ ಅವಳಿಲ್ಲ.” ಕನ್ನಡಕ ಹಾಕಿಕೊಂಡು ಕರಪತ್ರ ತೋರಿಸಿ, “ಇದನ್ನು ನೀನು ವೇದಿಕೆಯ ಮೇಲೆ ತಿದ್ದಿದರೆ ನಾನು ಪಕ್ಕದಲ್ಲಿ ಕೂರುತ್ತೇನೆ. ಇಲ್ಲದಿದ್ದರೆ ಜನರ ನಡುವೆ ಕೂತು ಊಟ ಮಾಡಿ ಬರುತ್ತೇನೆ,” ಎಂದರು.

ಒಪ್ಪಿದೆ, ಬೇರೆ ದಾರಿ ಇರಲಿಲ್ಲ. ಆಮೇಲೆ ಅವರ ಬೆರಳು ನನ್ನ ಫೋಟೋದ ಕೆಳಗೆ ಬಂತು. “ಇಲ್ಲೇನಿದೆ?”

“ನನ್ನ ಹೆಸರು,” ಎಂದೆ. ಕಾರು ಸ್ಟಾರ್ಟ್ ಮಾಡಿದೆ.

ಹೈಸ್ಕೂಲಿನ ಸಭಾಂಗಣ ತುಂಬಿತ್ತು. ಪ್ರಾರ್ಥನೆ ಮುಗಿಯಿತು, ಅತಿಥಿ ಪರಿಚಯಕ್ಕೆ ನಾನು ಎದ್ದೆ. “ಕರಪತ್ರದಲ್ಲಿ ಒಂದು ತಪ್ಪಾಗಿದೆ. ಇವರು ಮಂತ್ರಿಯಾಗಿರಲಿಲ್ಲ, ಪಾರ್ಲಿಮೆಂಟ್ ಸದಸ್ಯರಾಗಿದ್ದರು. ಹೆಚ್ಚಿಗೆ ಬರೆದವನು ನಾನೇ,” ಎಂದೆ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಇಷ್ಟೇನಾ, ಇದಕ್ಕಾ ನಾನು ಹೆದರಿದ್ದು ಅನ್ನಿಸಿತು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ವಿಮಲಾ ಆಂಟಿ ಕಂಡರು. ಕೋಲು ಕುರ್ಚಿಗೆ ಒರಗಿಸಿ ಕೂತಿದ್ದರು. ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಬೀಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ನಕ್ಕರು. ಈಗ ಹೇಳಿದರೆ ಚುನಾವಣೆ ಹೋಯಿತು, ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ.

“ಇನ್ನೊಂದು ತಪ್ಪೂ ಇದೆ,” ಎಂದೆ. “ಕನ್ನಡ ಶಾಲೆ ಶುರು ಮಾಡಿದ್ದು ನಾನಲ್ಲ, ವಿಮಲಾ ಆಂಟಿ. ನನಗೆ ಅದು ಮೊದಲಿನಿಂದಲೂ ಗೊತ್ತು.”

ಈ ಸಲ ಯಾರೂ ನಗಲಿಲ್ಲ. ಮುಂದೆ ಏನು ಮಾತಾಡಿದೆನೋ ನೆನಪಿಲ್ಲ. ಸಿಗ್ರಿಡ್ ಪೇಟ ತೊಟ್ಟು ಮಗುವಿನ ಹಾಗೆ ನಕ್ಕಿದ್ದು ಮಾತ್ರ ನೆನಪಿದೆ. ಹೋಳಿಗೆ ಊಟವಾಯಿತು, ಮತ ಹಾಕಿದರು, ನಾನು ಸೋತೆ. ಸುಳ್ಳು ಯಾಕೆ, ಹೊಟ್ಟೆ ಉರಿಯಿತು.

ಕುರ್ಚಿ ಮಡಚುತ್ತಿದ್ದಾಗ ವಿಮಲಾ ಆಂಟಿ ಕೋಲೂರಿಕೊಂಡು ಬಂದರು. ಜೊತೆಯಲ್ಲಿ ಸಿಗ್ರಿಡ್ ಇದ್ದರು.

“ಆಂಟಿ, ತಪ್ಪಾತ್ರಿ,” ಎಂದೆ.

“ನೀ ಹೇಳೇ ಹೇಳ್ತಿ ಅಂತ ನನಗ ಗೊತ್ತಿತ್ತೋ ಆನಂದ. ಎರಡು ವರ್ಷದಿಂದ ಕಾಯ್ಕೋತ ಕೂತಿದ್ದೆ. ಸ್ವಲ್ಪ ಲೇಟ್ ಮಾಡಿದಿ ನೋಡು,” ಎಂದು ನನ್ನ ಬೆನ್ನಿಗೊಂದು ಗುದ್ದಿದರು. ನನಗೆ ಅಳು ತಡೆಯಲಾಗಲಿಲ್ಲ.

ಏನಂದರು ಎಂದು ಸಿಗ್ರಿಡ್ ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮೆಲ್ಲಗೆ, “ಮಾರಿಟ್ ಕೂಡ ಕಾಯುತ್ತಿದ್ದಳೋ ಏನೋ,” ಎಂದರು.

ಏಪ್ರಿಲ್ ಕೊನೆಗೆ ಅವರು ಊರಿಗೆ ಹೋದರು. ಬೇಸಿಗೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಅವರ ಊರಿನ ಪತ್ರಿಕೆಯ ತುಣುಕು. ಬರೆದವರ ಜಾಗದಲ್ಲಿ ಸಿಗ್ರಿಡ್ ಹೆಸರಿತ್ತು. ಅವರ ಭಾಷೆ ನನಗೆ ಒಂದಕ್ಷರವೂ ಬಾರದು. ಫೋಟೋ ಮಾತ್ರ ಅವರದಾಗಿರಲಿಲ್ಲ. ನರ್ಸ್ ಉಡುಪಿನಲ್ಲಿದ್ದ ಒಬ್ಬ ಹೆಂಗಸು ಕೂಸನ್ನೆತ್ತಿಕೊಂಡು ನಗುತ್ತಿದ್ದಳು.

ಆ ತುಣುಕನ್ನು ವಿಮಲಾ ಆಂಟಿಗೆ ತೋರಿಸಲು ತೆಗೆದುಕೊಂಡು ಹೋಗಿದ್ದೆ. ಅವರು ಇನ್ನೂ ವಾಪಸ್ಸು ಕೊಟ್ಟಿಲ್ಲ, ನಾನೂ ಕೇಳಿಲ್ಲ. ಶನಿವಾರ ಶನಿವಾರ ಅವರನ್ನು ಕಾರಿನಲ್ಲಿ ಲೈಬ್ರರಿಗೆ ಕರೆದುಕೊಂಡು ಹೋಗುವುದು ಈಗ ನನ್ನ ಕೆಲಸ. ಮಕ್ಕಳಿಗೆ ಅವರು ಪಾಠ ಹೇಳುತ್ತಾರೆ, ನಾನು ಬೋರ್ಡ್ ಒರೆಸುತ್ತೇನೆ.