ಐವತ್ತೊಂದು ಯುನಿಟ್ಟಿನ ಸಂಸಾರ

ಈ ಸಾಲುಗಳನ್ನು ಬರೆಯುತ್ತಿರುವ ಕೋಣೆಯಲ್ಲಿ ಒದ್ದೆ ಹುಲ್ಲಿನ ವಾಸನೆ ತುಂಬಿದೆ. ಕೂಲರಿನ ಮೂರು ಬದಿಗೆ ಕಟ್ಟಿದ ಹುಲ್ಲು ನೀರು ಕುಡಿದು ಬಿಡುವ ಈ ವಾಸನೆ ಕಲಬುರಗಿಯಲ್ಲಿ ಬೇಸಿಗೆ ಕಳೆದವರಿಗೆಲ್ಲ ಗೊತ್ತು. ಅರ್ಧ ಹೊಲದ್ದು, ಅರ್ಧ ದನದ ಕೊಟ್ಟಿಗೆಯದು. ನನ್ನ ಪಾಲಿಗೆ ಮಾತ್ರ ಅದು ಸೋಲಿನ ವಾಸನೆ. ಯಾರೆದುರು ಸೋತೆ ಎಂದು ಹೇಳುವ ಮೊದಲು, ಸೋಲಿಗೆ ಕಾರಣರಾದವರ ಅಪರಾಧಗಳನ್ನು ನಿಮ್ಮ ಮುಂದಿಡುವುದು ನ್ಯಾಯ. ಬಿಡುವಿದ್ದರೆ ಕೂತುಕೊಳ್ಳಿ. ಕೂಲರಿನ ಎದುರಿನ ಮಂಚದಲ್ಲಿ ಮಾತ್ರ ಬೇಡ. ಅಲ್ಲಿ ನನ್ನ ಹೆಂಡತಿ ಮಲಗಿದ್ದಾಳೆ.

ಮೊದಲ ಅಪರಾಧಿ ಕರೆಂಟ್ ಆಫೀಸಿನ ಗುಮಾಸ್ತ. ಕೆಲವು ವರ್ಷಗಳ ಹಿಂದೆ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ನೂರಾ ಹದಿನಾಲ್ಕು ಯುನಿಟ್ಟಿನ ಬಿಲ್ಲು ಬಂತು. ಅದರ ಹಿಂದಿನ ತಿಂಗಳು ತೊಂಬತ್ತೆರಡು. ಮೋಜಣಿ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಹಿಡಿದು ಜನರ ಹೊಲ ಅಳೆದವನು ನಾನು. ಒಂದು ಗೇಣು ಅತ್ತಿತ್ತ ಆದರೆ ಅಣ್ಣತಮ್ಮಂದಿರು ಕೊಡಲಿ ಹಿಡಿಯುವುದನ್ನು ಕಂಡವನು. ಇಪ್ಪತ್ತೆರಡು ಯುನಿಟ್ಟುಗಳನ್ನು ಬಿಟ್ಟುಕೊಡುವುದು ನನ್ನಿಂದಾಗುವ ಮಾತಲ್ಲ. ಆರು ವರ್ಷದ ಬಿಲ್ಲುಗಳನ್ನು ತಿಂಗಳವಾರು ಪೋಣಿಸಿ, ಸಾಲಿನಲ್ಲಿ ನಿಂತು, ಕಿಟಕಿಯೊಳಗೆ ತೂರಿಸಿದೆ. ಒಳಗಿದ್ದವನು ಅವುಗಳನ್ನು ಮುಟ್ಟಲಿಲ್ಲ. ಅವನ ಬೆರಳಿಗೆ ಒಗ್ಗರಣೆಯ ಚುರುಮುರಿ ಅಂಟಿತ್ತು.

“ಅಜ್ಜಾರ, ಆ ತಿಂಗಳ ಮನಿಗಿ ಬೀಗರು ಬಂದಿದ್ರೇನು?”

“ಬಂದಿದ್ರು. ಎರಡು ದಿನ ಇದ್ದು ಹೋದ್ರು. ಬೀಗರು ಇಪ್ಪತ್ತೆರಡು ಯುನಿಟ್ ತಿಂತಾರೇನ್ರೀ?”

“ನಮ್ಮ ಬೀಗರು ತಿಂತಾರ್ರೀ. ನಿಮ್ಮ ಮೀಟರ್ ಬರೋಬ್ಬರಿ ಅದ. ಜರಾ ಸರೀರಿ, ಹಿಂದಿನವ್ರಿಗಿ ಜಾಗಾ ಬಿಡ್ರಿ.”

ಒಂದೇ ಉಸಿರಿನಲ್ಲಿ ಮೂರು ಅವಮಾನ. ಆಗಿನ್ನೂ ಹಲ್ಲು ಪೂರ್ತಿಯಿದ್ದ ನನ್ನನ್ನು ಅಜ್ಜ ಎಂದದ್ದು ಒಂದು. ನಮ್ಮ ಬೀಗರನ್ನು ತನ್ನ ಬೀಗರ ಸಾಲಿಗೆ ಸೇರಿಸಿದ್ದು ಎರಡು. ಸರಿಯಿರಿ ಎಂದದ್ದು ಮೂರು. ಶುಲ್ಕ ಕಟ್ಟಿ ಮೀಟರಿನ ಪರೀಕ್ಷೆ ಮಾಡಿಸಿದೆ. ಅವರು ಪಕ್ಕದಲ್ಲಿ ಇನ್ನೊಂದು ಮೀಟರು ಕೂರಿಸಿ, ಎರಡೂ ಒಂದೇ ಲೆಕ್ಕ ಹೇಳುತ್ತಿವೆ ಎಂದು ಬರೆದುಕೊಟ್ಟರು. ಕಳ್ಳನ ಪರವಾಗಿ ಕಳ್ಳನ ತಮ್ಮ ಸಾಕ್ಷಿ ಹೇಳಿದರೆ ಒಪ್ಪುವವರು ಯಾರು?

ಹಾಲಿನವನು ನೀರು ಬೆರೆಸಿದರೆ ಬೇರೆ ಹಾಲಿನವನನ್ನು ಹಿಡಿಯಬಹುದು. ಕಿರಾಣಿಯವನು ತೂಕ ಹೊಡೆದರೆ ಎದುರಿನ ಅಂಗಡಿಗೆ ಹೋಗಬಹುದು. ಕರೆಂಟಿಗೆ ಮಾತ್ರ ಊರಿಗೆಲ್ಲ ಒಂದೇ ಅಂಗಡಿ. ಸಿಟ್ಟಾದರೂ ಅವರದೇ ದೀಪದ ಕೆಳಗೆ ಕೂತು ಸಿಟ್ಟಾಗಬೇಕು. ಹಾಗಾಗಿ ನನಗೆ ಉಳಿದದ್ದು ಒಂದೇ ದಾರಿ: ಅವರ ಸರಕನ್ನು ಕೊಳ್ಳದಿರುವುದು. ಹಳೆಯ ಕೂಲರನ್ನು ಗುಜರಿಯವನಿಗೆ ಹಾಕಿದೆ. ಫ್ರಿಜ್ಜನ್ನು ಬಂದ್ ಮಾಡಿ ಅದರೊಳಗೆ ಕಾಗದಪತ್ರ ಜೋಡಿಸಿದೆ. ಗೆದ್ದಲು ಹತ್ತದ ಅಂಥ ಕಪಾಟು ಇನ್ನೊಂದಿಲ್ಲ. ಮಿಕ್ಸರು ಅಟ್ಟ ಸೇರಿತು. ಇಡೀ ಮನೆಗೆ ಒಂದು ಟ್ಯೂಬು, ಒಂದು ಫ್ಯಾನು.

“ಅವರ ಮ್ಯಾಲ ಸಿಟ್ಟು ಬಂದ್ರ ಅವರ ಮನ್ಯಾಗ ದೀಪ ಆರಸ್ರಿ. ನಮ್ಮ ಮನ್ಯಾಗ ಯಾಕ ಆರಸ್ತೀರಿ?” ಎಂದಳು ಹೆಂಡತಿ ಶರಣಮ್ಮ. ತತ್ವದ ಮಾತುಗಳು ಅವಳಿಗೆ ಬೇಗ ಅರ್ಥವಾಗುವುದಿಲ್ಲ ಎಂದುಕೊಂಡೆ. ಅವಳು ನೆಲಕ್ಕೆ ನೀರು ಚಿಮುಕಿಸಿ, ಒದ್ದೆ ಟವೆಲ್ಲು ಹೊದ್ದು, ಆ ಬೇಸಿಗೆಯನ್ನು ಕಳೆದಳು. ನಮ್ಮ ತಿಂಗಳ ಸರಾಸರಿ ನಲವತ್ತೊಂದಕ್ಕೆ ಇಳಿಯಿತು. ಕಂಪನಿ ದಿವಾಳಿಯೆದ್ದ ಸುದ್ದಿಗಾಗಿ ನಾನು ದಿನವೂ ಪತ್ರಿಕೆ ನೋಡುತ್ತಿದ್ದೆ.

ಎರಡನೆಯ ಅಪರಾಧಿ ನನ್ನ ಷಡ್ಡಕ, ಎಂದರೆ ಶರಣಮ್ಮನ ತಂಗಿಯ ಗಂಡ, ಚನ್ನಬಸಪ್ಪ. ಕಮಲಾಪುರದಲ್ಲಿ ಅವನಿಗೆ ಕೆಂಪು ಬಾಳೆಯ ತೋಟವಿದೆ, ದೊಡ್ಡ ಮನೆಯಿದೆ, ಸ್ವಿಚ್ಚು ಆರಿಸುವ ಬುದ್ಧಿ ಮಾತ್ರ ಇಲ್ಲ. ಹಾಡುಹಗಲು ಅವನ ಪಡಸಾಲೆಯಲ್ಲಿ ದೀಪ ಉರಿಯುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತದೆ. ಯಾಕಯ್ಯಾ ಎಂದು ಕೇಳಿದರೆ, “ನೊಣಾ ಕುಂದರಬಾರ್ದಂತ ಹಚ್ಚಿಟ್ಟೀನ್ರೀ ಅಣ್ಣಾರ” ಎನ್ನುತ್ತಾನೆ. ನಾನು ಹೋದಾಗಲೆಲ್ಲ ಕೋಣೆಯಿಂದ ಕೋಣೆಗೆ ಸ್ವಿಚ್ಚು ಆರಿಸುತ್ತ ನಡೆಯುವುದೂ, ಅವನು ಹಿಂದಿನಿಂದ ಹಾಕುತ್ತ ಬರುವುದೂ ವಾಡಿಕೆಯಾಗಿತ್ತು.

ಆಗ ಸರ್ಕಾರವು ಮನೆಗಳಿಗೆ ಕರೆಂಟು ಪುಕ್ಕಟೆ ಎಂದು ಸಾರಿತು. ಎಲ್ಲರಂತೆ ನಾನೂ ಸಂತೋಷಪಟ್ಟೆ. ಬದುಕಿನಲ್ಲಿ ನಿಯಮಗಳನ್ನು ಪೂರ್ತಿ ಓದದೆ ಸಂತೋಷಪಟ್ಟದ್ದು ಅದೊಂದೇ ಸಲ. ನಿಯಮ ಹೀಗಿತ್ತು: ಇನ್ನೂರು ಯುನಿಟ್ಟಿನ ಮಿತಿಯೊಳಗೆ, ಹಿಂದಿನ ವರ್ಷ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅಷ್ಟು, ಮೇಲೆ ಒಂದಿಷ್ಟು ಕೊಸರು. ಹಿಂದಿನ ವರ್ಷವೆಂದರೆ ಯಾವ ವರ್ಷ ಎಂದು ನೀವು ಊಹಿಸಿರುತ್ತೀರಿ. ನಾನು ಕತ್ತಲೆಯಲ್ಲಿ ಕೂತು ಕಂಪನಿಯನ್ನು ಮಣಿಸಲು ಹೊರಟ ವರ್ಷ. ನನ್ನ ನಲವತ್ತೊಂದಕ್ಕೆ ಕೊಸರು ಸೇರಿ ಐವತ್ತೊಂದು ಯುನಿಟ್ಟು ದಕ್ಕಿತು. ನೊಣಗಳಿಗೆ ಗಾಳಿ ಹಾಕಿದ ಚನ್ನಬಸಪ್ಪನಿಗೆ ಇನ್ನೂರಕ್ಕೆ ಎರಡು ಕಡಿಮೆ.

ಅವನು ಅಂದೇ ಫೋನು ಮಾಡಿದ. “ಅಣ್ಣಾರ, ನಿಮಗ ಎಷ್ಟು ಕೊಟ್ಟಾರ್ರೀ?”

ಸುಳ್ಳು ಹೇಳುವ ಅಭ್ಯಾಸವಿಲ್ಲದ್ದರಿಂದ ಹೇಳಿದೆ.

“ಐವತ್ತೊಂದರಾಗ ನಮ್ಮ ಮನೀ ನೊಣಾ ಸುದ್ದಾ ಬಾಳೇವು ಮಾಡಂಗಿಲ್ರೀ.”

ಮತ್ತೆ ಆಫೀಸಿಗೆ ಹೋದೆ. ಅದೇ ಗುಮಾಸ್ತ, ಬಡ್ತಿಯಾಗಿ ಕೈಯಿರುವ ಕುರ್ಚಿಗೆ ಏರಿದ್ದ.

“ಉಳಿಸಿದವ್ರಿಗಿ ಇದು ಶಿಕ್ಷಾ ಏನ್ರೀ?” ಎಂದು ಕೇಳಿದೆ.

“ಶಿಕ್ಷಾ ಅಲ್ರೀ ಅಜ್ಜಾರ, ಸರಾಸರಿ. ಆ ವರ್ಷ ನೀವು ಊರಾಗ ಇದ್ದಿದ್ದಿಲ್ಲೇನು?”

“ಇದ್ದೆ.”

“ಮತ್ತ ಇಷ್ಟು ಕಮ್ಮಿ ಯಾಕ್ರೀ?”

ನಿನ್ನ ಮೇಲಿನ ಸಿಟ್ಟಿಗೆ ಎಂದು ಹೇಗೆ ಹೇಳಲಿ? ಒಂದು ವರ್ಷ ನಾನು ಅವನ ಮೇಲೆ ಸಾರಿದ್ದ ಯುದ್ಧ ಅವನಿಗೆ ತಿಳಿದೇ ಇರಲಿಲ್ಲ. ಅವನು ನನ್ನನ್ನು ಮರುಕದಿಂದ ನೋಡಿ, ಯಾರಿಗೋ ಹೇಳಿ ಒಂದು ಚಹಾ ತರಿಸಿದ. ಆ ಚಹಾವನ್ನೂ ನಾನು ಮರೆತಿಲ್ಲ.

ಹೀಗಿರುವಾಗ ವಿವೇಕಿಯಾದವನು ಹೆಚ್ಚಿನ ಯುನಿಟ್ಟುಗಳಿಗೆ ದುಡ್ಡು ಕಟ್ಟಿ ಸುಮ್ಮನಾಗುತ್ತಾನೆ. ನಾನು ಐವತ್ತೊಂದನ್ನು ದಾಟಿ ಅವರಿಗೆ ಒಂದು ಬಿಡಿಗಾಸೂ ಕೊಡುವುದಿಲ್ಲವೆಂದು ಪಣ ತೊಟ್ಟೆ. ದಿನಕ್ಕೆ ಒಂದು ಯುನಿಟ್ಟು, ಮೇಲೆ ಏಳು ದಶಾಂಶ. ಮುಂಜಾನೆ ಸಂಜೆ ಮೀಟರಿನ ಮುಂದೆ ನಿಲ್ಲುವುದು ನನಗೆ ಪೂಜೆಯಂತಾಯಿತು. ಹಾಗೆಯೇ ಎರಡು ಬೇಸಿಗೆ ದಾಟಿದವು. ಈ ವರ್ಷ ಬಿಸಿಲು ಏರತೊಡಗಿದಾಗ ಶರಣಮ್ಮ ಒಂದು ಕೂಲರು ಕೇಳಿದಳು. ಐವತ್ತೊಂದರಲ್ಲಿ ಅದು ಕೂರುವುದಿಲ್ಲವೆಂದು ಕಾಗದದ ಮೇಲೆ ಬಿಡಿಸಿ ತೋರಿಸಿದೆ. ಅವಳು ಕಾಗದವನ್ನು ಪೂರ್ತಿ ನೋಡಿದಳು. ಮರುದಿನ ಚೀಲಕ್ಕೆ ಸೀರೆ ತುಂಬುತ್ತಿದ್ದಳು.

“ತಂಗಿ ಮನಿಗಿ ಹೊಂಟೀನ್ರಿ.”

“ಯಾವಾಗ ಬರ್ತಿ?”

“ಅಲ್ಲಿ ಇನ್ನೂರು ಯುನಿಟ್ ಅದಾವಂತ. ಅವು ಮುಗದ ಮ್ಯಾಲ ಬರ್ತೀನಿ.”

ಅವು ತಿಂಗಳಿಗೊಮ್ಮೆ ಹೊಸದಾಗಿ ಹುಟ್ಟುತ್ತವೆ ಎಂಬ ನಿಯಮ ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಆ ತಿಂಗಳು ನಾನು ಬಳಸಿದ್ದು ಇಪ್ಪತ್ತಮೂರು ಯುನಿಟ್ಟು. ನನ್ನ ಜೀವಮಾನದ ದಾಖಲೆ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ್ದರಿಂದ ಅವಳಿಗೇ ಫೋನು ಮಾಡಿದೆ. “ನಾನು ಇಲ್ದಿದ್ದಕ್ಕ ಅರ್ಧಾ ಉಳೀತಲ್ರೀ, ಚಲೋ ಆತು” ಎಂದು ಇಟ್ಟುಬಿಟ್ಟಳು. ಆ ಸಂಜೆ ಒಂದೇ ಟ್ಯೂಬಿನ ಕೆಳಗೆ ಒಂದೇ ತಟ್ಟೆಯಲ್ಲಿ ಉಣ್ಣುತ್ತ, ಇಪ್ಪತ್ತಮೂರಾದ ಮೇಲೆ ಮುಂದೇನು ಎಂದು ಯೋಚಿಸಿದೆ. ನಾನೂ ಎಲ್ಲಿಗಾದರೂ ಹೋದರೆ ಸೊನ್ನೆಗೆ ಇಳಿಸಬಹುದಿತ್ತು.

ಮರುದಿನ ಬಸ್ಸು ಹತ್ತಿ ಮಧ್ಯಾಹ್ನದ ಹೊತ್ತಿಗೆ ಕಮಲಾಪುರ ಮುಟ್ಟಿದೆ. ಹೊರಗೆ ಗಡಿಗೆಯ ನೀರೂ ಬಿಸಿಯಾಗುವಂಥ ಝಳ. ಚನ್ನಬಸಪ್ಪ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟ. ಅವನ ಭುಜದ ಮೇಲಿಂದ ಒಳಗೆ ನೋಡಿದೆ. ಕೂಲರಿನ ಎದುರು ಶರಣಮ್ಮ ಮಲಗಿದ್ದಳು, ಕೌದಿ ಹೊದ್ದು. ಆ ಬಿಸಿಲಿನಲ್ಲಿ, ಕೌದಿ ಹೊದ್ದು.

“ಎಬ್ಬಸಬ್ಯಾಡ್ರೀ ಅಣ್ಣಾರ,” ಎಂದು ಅವನು ಪಿಸುಗುಟ್ಟಿದ. “ಬಂದ ದಿನಾ ಹಿಂಗೇ ಮಲಗಿದವ್ರು ಮರುದಿನ ಮುಂಜಾನಿ ಎದ್ರು. ನಿದ್ದೀದು ಭಾಳ ಬಾಕಿ ಇತ್ತಂತ ಕಾಣ್ತದ.”

ಗೇಲಿ ಮಾಡಲು ಅಷ್ಟು ಒಳ್ಳೆಯ ಸಂದರ್ಭ ಸಿಕ್ಕರೂ ಅವನು ಮಾಡಲಿಲ್ಲ. ಅದು ಅವನ ಉಳಿದೆಲ್ಲ ಚಾಷ್ಟಿಗಳಿಗಿಂತ ನನಗೆ ಹೆಚ್ಚು ನಾಟಿತು. ನಾನು ಗೋಡೆಗೆ ಒರಗಿ ಕೂತೆ. ನಾಲ್ಕು ಗಂಟೆಗೆ ಅವಳು ಕಣ್ಣು ತೆರೆದಳು.

“ಯಾವಾಗ ಬಂದ್ರಿ? ಎಷ್ಟಾತು ಈ ತಿಂಗಳ?”

“ಇಪ್ಪತ್ಮೂರು.”

“ಚಲೋ.” ಕೌದಿಯನ್ನು ಮಡಿಸುತ್ತ ಅವಳು ಹೇಳಿದಳು: “ಕೂಲರ್ ಗುಜರಿಗಿ ಹಾಕಿದ ಆ ಬ್ಯಾಸಗ್ಯಾಗ ನನಗ ಬೆನ್ನ ತುಂಬಾ ಬೆವರುಗುಳ್ಳಿ ಎದ್ದಿದ್ದವು, ನೆನಪದ ಏನ್ರೀ? ಬೆನ್ನಿಗಿ ಜರಾ ಪೌಡರ್ ಹಚ್ರಿ ಅಂದೆ. ತಡಿ, ಮೀಟರ್ ನೋಡಿ ಬರ್ತೀನಿ ಅಂದ್ರಿ. ನಾನು ಬೆನ್ನ ಮಾಡ್ಕೊಂಡು ಕುಂತೇ ಇದ್ದೆ.”

ನನಗೆ ನೆನಪಿರಲಿಲ್ಲ. ಇಪ್ಪತ್ತೆರಡು ಯುನಿಟ್ಟು ನೆನಪಿತ್ತು, ಚುರುಮುರಿ ನೆನಪಿತ್ತು, ಅಜ್ಜ ಎಂದವನ ಅಂಗಿಯ ಬಣ್ಣ ಈಗಲೂ ಹೇಳಬಲ್ಲೆ. ಇದು ಎಲ್ಲಿಯೂ ಇರಲಿಲ್ಲ. ಅವಳು ಅದನ್ನು ಇಷ್ಟು ವರ್ಷ ಯಾವ ಸದ್ದೂ ಇಲ್ಲದೆ ಇಟ್ಟುಕೊಂಡಿದ್ದಳು.

ಸಂಜೆಯ ಬಸ್ಸಿಗೆ ಇಬ್ಬರೂ ಹೊರಟೆವು. ಕಲಬುರಗಿಯಲ್ಲಿ ಇಳಿದವರು ಮನೆಗೆ ಹೋಗಲಿಲ್ಲ. ಚೀಲದ ಸಮೇತ ಸ್ಟೇಶನ್ ಬಜಾರಕ್ಕೆ ನಡೆದೆವು. ಅಂಗಡಿಯಲ್ಲಿ ಅವಳು ಎಲ್ಲಕ್ಕಿಂತ ದೊಡ್ಡ ಕೂಲರಿನ ಮೇಲೆ ಕೈಯಿಟ್ಟಳು. ತಾಸಿಗೆ ಎಷ್ಟು ಯುನಿಟ್ಟು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, “ಅದನ್ನ ಬಿಡ್ರಿ, ಗಾಳಿ ಎಷ್ಟು ಬರ್ತದ ಕೇಳ್ರಿ” ಎಂದಳು. ಕೇಳಿದೆ.

ಇಷ್ಟು ಬರೆಯುವಷ್ಟರಲ್ಲಿ, ಇದೀಗ, ಕರೆಂಟು ಹೋಯಿತು. ಕೂಲರು ಗೊರಗೊರ ಎಂದು ನಿಂತಿತು. ಮಂಚದ ಮೇಲೆ ಶರಣಮ್ಮ ಮಗ್ಗುಲು ಬದಲಿಸಿದಳು, ಇನ್ನೂ ಎದ್ದಿಲ್ಲ. ಆಫೀಸಿಗೆ ಫೋನು ಹಚ್ಚಿದೆ.

“ಬಿಲ್ಲಿಂದು ತಕರಾರೇನ್ರೀ ಅಜ್ಜಾರ?” ಎಂದಿತು ಆ ಕಡೆಯ ದನಿ.

“ಅಲ್ರೀ. ನಮ್ಮ ಮನ್ಯಾಗ ಮಲಗ್ಯಾರ. ಜರಾ ಲಗೂ ಕರೆಂಟ್ ಬಿಡ್ರಿ.”

ಆ ಕಂಪನಿಯನ್ನು ಇನ್ನಷ್ಟು ಕೊಡಿ ಎಂದು ನಾನು ಕೇಳಿದ್ದು ಇದೇ ಮೊದಲು. ಲೈನಿನ ಕೆಲಸವಂತೆ, ಅರ್ಧ ತಾಸು ಹಿಡಿಯುತ್ತದಂತೆ. ಹೇಳಿದವನ ಹೆಸರು ಕೇಳಿಕೊಂಡಿದ್ದೇನೆ. ಮೂವತ್ತೊಂದನೆಯ ನಿಮಿಷಕ್ಕೆ ಬೇಕಾಗುತ್ತದೆ. ಅಲ್ಲಿಯತನಕ ಪೆನ್ನು ಕೆಳಗಿಡುತ್ತೇನೆ. ಬೀಸಣಿಕೆ ಹಿಡಿಯಲು ನನಗೆ ಬಲಗೈಯೇ ಬೇಕು.