ಗೋಡೆ ಅರಳಿ ಕೀಳುವ ಸಿದ್ದೇಶ

ಅರಕಲಗೂಡಿನ ನಮ್ಮ ಬೀದಿಯಲ್ಲಿ ಗೋಡೆ ಬಿರುಕಿನಲ್ಲಿ ಅರಳಿ ಸಸಿ ಹುಟ್ಟಿದರೆ ಆ ಮನೆಯವರು ಮುಟ್ಟುವುದಿಲ್ಲ. ಬಿಟ್ಟರೆ ಗೋಡೆ ಸೀಳುತ್ತೆ, ಕಿತ್ತರೆ ಮನೆಯವರಿಗೆ ಕೇಡು ಅಂತ ಭಯ. ಆಗೆಲ್ಲ ಕರೆಯುವುದು ನಮ್ಮ ಎದುರು ಮನೆ ಸಿದ್ದೇಶ್ವರನನ್ನ. ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ವೈಂಡಿಂಗ್ ಮಾಡುವವನು. ಮದುವೆಯಾಗಲಿಲ್ಲ. ತಾಯಿ ಇರೋವರೆಗೂ ಅವಳು, ಆಮೇಲೆ ಯಾರೂ ಇಲ್ಲ.

"ಸಿದ್ದೇಸಣ್ಣ, ನೀನೇ ಬಾರಣ್ಣ," ಅಂತ ಅಂಗಡಿ ನಂಜಯ್ಯ ಬೀದಿಯಿಂದಲೇ ಕೂಗೋನು. "ನಿಂಗೇನ್ ಎಂಡ್ರಾ, ಮಕ್ಕಳಾ? ನೀನ್ ಕಿತ್ರೆ ಯಾರಿಗ್ ತಟ್ಟಬೇಕು?"

ನಿಂತವರೆಲ್ಲ ನಗೋರು. ಅವನೂ ನಕ್ಕು ಏಣಿ ಹತ್ತೋನು.

ಕಿತ್ತಿದ್ದನ್ನ ಎಸೆಯುತ್ತಿರಲಿಲ್ಲ. ಹಾಸನದ ಫಲಪುಷ್ಪ ಪ್ರದರ್ಶನದಲ್ಲಿ ಬೋನ್ಸಾಯ್ ಅನ್ನೋ ಕುಳ್ಳ ಮರಗಳನ್ನ ನೋಡಿ ಬಂದಿದ್ದ. ಬೇರು ಸವರಿ, ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೆಟ್ಟು, ಸುಟ್ಟ ಮೋಟಾರಿನ ತಾಮ್ರದ ತಂತಿಯನ್ನ ಕೊಂಬೆಗೆ ಸುತ್ತಿ, ಬೇಕಾದ ಕಡೆಗೆ ಬಗ್ಗಿಸುತ್ತಿದ್ದ.

"ಮರಕ್ಕೂ ವೈಂಡಿಂಗ್ ಮಾಡ್ತಾವ್ನೆ ಕಣ್ಲಾ, ಸ್ವಿಚ್ ಆಕುದ್ರೆ ನೀರು ಬತ್ತದಾ?" ಅಂತ ಬೀದಿಯವರ ಹಾಸ್ಯ.

ಗಿಡಗಳನ್ನ ಅವು ಬಂದ ಮನೆ ಹೆಸರಲ್ಲೇ ಕರೆಯೋನು. ಇದು ನಂಜಯ್ಯನ ಮನೇದು, ಇದು ಪ್ರೇಮಕುಮಾರಿ ಟೀಚರ್ ಮನೇದು. "ನೋಡಿ ಮಾಯಕ್ಕ, ಬೀದಿಯೋರೆಲ್ಲ ನಮ್ಮ ಮಹಡಿ ಮ್ಯಾಲೇ ಅವ್ರೆ," ಅಂದಿದ್ದ ನನಗೆ ಒಂದು ಸಲ. ಆ ಮನೆಯವರು ಯಾರೂ ಆ ಮೆಟ್ಟಿಲು ಹತ್ತಿದವರಲ್ಲ.

ನಮ್ಮ ಯಜಮಾನರು ಬೋರಪ್ಪ ತೀರಿಕೊಂಡ ವರ್ಷ ನಮ್ಮ ಬಚ್ಚಲ ಗೋಡೆಯಲ್ಲೂ ಒಂದು ಹುಟ್ಟಿತು. ಅವರಿದ್ದಾಗ ಎಲ್ಲಿ ಅರಳಿ ಕಂಡರೂ, "ಬುದ್ಧನ ಮರ ಕಣೇ, ಕೀಳಬಾರ್ದು," ಅನ್ನೋರು. ಗೋಡೆ ನೋಡಿದರೆ ಹಸಿ ಇಟ್ಟಿಗೆಯದು. ಸಿದ್ದೇಶನನ್ನ ಕರೆದೆ. ಏಣಿ ಹತ್ತಿ ನನ್ನ ಕಡೆ ತಿರುಗಿದ. ನಾನೂ ನಂಜಯ್ಯನ ಆ ಮಾತು ಹೇಳ್ತೀನಿ ಅಂತ ಕಾಯ್ತಿದ್ದ. ಹೇಳಲಿಲ್ಲ.

"ನನ್ನೇ ಯಾಕ್ ಕರೆದ್ರಕ್ಕ?"

"ಬೇರು ಅರೀದಂಗೆ ಕೀಳಾದು ನಿಂಗೊಬ್ಬನಿಗೇ ಕಣಪ್ಪ ಬರಾದು."

ಅವತ್ತು ಇಳಿಯೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಒಂದು ಎಳೆ ಬೇರೂ ಹರಿದಿರಲಿಲ್ಲ.

ಈ ಸಲ ಶಿವರಾತ್ರಿ ಕಳೆದ ಮೇಲೆ ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ವೈಂಡಿಂಗ್ ಅಂಗಡಿ ಮುಚ್ಚಿದ. ಮಹಡಿ ಮೇಲಿನ ಗಿಡಗಳಿಗೆ ಇದು ಗೊತ್ತಾ? ಮುಂಗಾರು ಬಿತ್ತು, ಚಿಗುರಿದವು. ಚಿಗುರಿದರೆ ಕೊಂಬೆ ದಪ್ಪ ಆಗುತ್ತೆ, ಸುತ್ತಿದ ತಂತಿ ತೊಗಟೆಯನ್ನ ಕುಯ್ಯುತ್ತೆ. ಹೊತ್ತಿಗೆ ಸರಿಯಾಗಿ ತೆಗೆಯದಿದ್ದರೆ ಕೊಂಬೆ ಒಣಗುತ್ತೆ ಅಂತ ಅವನೇ ನನಗೆ ಹೇಳಿದ್ದ. ಅವನಿಗಿರೋದು ಅವಷ್ಟೇ. ಆದರೂ ಯಾರನ್ನೂ ಕರೆಯಲಿಲ್ಲ. ಎಡಗೈಯಲ್ಲಿ ಕಟ್ಟರ್ ಹಿಡಿಯೋನು, ಅದು ಜಾರಿ ಬೀಳೋದು. ಬಿದ್ದ ಸದ್ದು ನಮ್ಮ ಅಡುಗೆಮನೆಗೆ ಕೇಳೋದು. ಒಲೆ ಆರಿಸಿ ಅವನ ಮಹಡಿಗೆ ಹೋದೆ.

"ಮಂಡಿನೋವು ಮಡಿಕ್ಕಂಡು ನೀವ್ಯಾಕ್ ಮೆಟ್ಲು ಅತ್ಕಂಡ್ ಬಂದ್ರಿ?"

"ನಮ್ಮನೇದು ಎಂಗದೆ ನೋಡಾನ ಅಂತ. ಕೊಡು ಇಲ್ಲಿ ಆ ಕಟ್ಟರ್ನ."

ಕೊಡಲು ಬಹಳ ಹೊತ್ತು ಮಾಡಿದ. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಕೊಟ್ಟ.

ಹೂವಿನ ದಾರ ಬಿಚ್ಚೋ ಹಾಗೆ ನಾನು ತಂತಿಯ ತುದಿ ಹಿಡಿದು ಎಳೆದೆ.

"ಬಿಚ್ಚಬ್ಯಾಡಿ! ಕೊಂಬೆ ಮುರಿತದೆ. ಕತ್ರಿಸಿ, ಸುತ್ತು ಸುತ್ತಿಗೂ ಕತ್ರಿಸಿ."

"ತಾಮ್ರ ದಂಡ ಆಯ್ತದಲ್ಲೋ."

"ಆಗ್ಲಿ ಬಿಡಿ."

ಗೇಣುದ್ದ ತಂತಿಯನ್ನೂ ಬಿಸಾಕದವನು ಹಾಗಂದ. ನಂಜಯ್ಯನ ಮನೇದು ಉಳಿಯಿತು, ಟೀಚರ್ ಮನೇದೂ ಉಳಿಯಿತು. ನಮ್ಮನೇದರಲ್ಲಿ ಮಾತ್ರ ತಂತಿ ತೊಗಟೆಯೊಳಗೆ ಹೂತುಹೋಗಿತ್ತು. ಸಿದ್ದೇಶ ಎಡಗೈ ಬೆರಳಲ್ಲಿ ಸವರಿ ನೋಡಿದ.

"ನುಂಗ್ಕಂಡ್ಬುಟ್ಟದೆ. ಇನ್ನ ಇರ್ಲಿ, ಅದ್ರ ಪಾಡಿಗೆ ಇರ್ಲಿ."

ಬದುಕಿದೆ, ಎಲೆ ಬಿಡ್ತಾ ಇದೆ. ಈಗ ಬಗ್ಗಿಸೋರಿಲ್ಲ, ಎಲ್ಲ ಕೊಂಬೆಗಳೂ ತಮಗೆ ತೋಚಿದ ಕಡೆ ಹೋಗ್ತವೆ. ನಾನು ಹೋಗಿ ನೀರು ಹಾಕ್ತೀನಿ.

ಮೊನ್ನೆ ನಂಜಯ್ಯನ ಗೋಡೆಯಲ್ಲಿ ಮತ್ತೆ ಅರಳಿ ಎದ್ದಿದೆ. ಸಿದ್ದೇಶ ಏಣಿ ಹತ್ತಲಾರ. ನಂಜಯ್ಯ ಅಂಗಡಿಯಲ್ಲಿ ನನಗೆ ಬೇಳೆ ಕಟ್ಟುತ್ತ ಗೋಡೆ ನೋಡ್ತಾನೆ, ನನ್ನ ನೋಡ್ತಾನೆ, ಏನೋ ಹೇಳೋಕೆ ಬಾಯಿ ತೆರೆದು ಮುಚ್ಚಿಕೊಳ್ತಾನೆ. ನನಗೂ ಗಂಡನಿಲ್ಲ, ಮಕ್ಕಳಾಗಲಿಲ್ಲ. ಬಾಯಿಗೆ ಬಂದ ಮಾತು ಯಾವುದು ಅಂತ ನನಗೆ ಗೊತ್ತು. ಹೇಳಲಿ. ಏಣಿಯನ್ನ ಅವನೇ ಹಿಡಿಯಲಿ, ಹತ್ತುತ್ತೀನಿ.

ಸಿದ್ದೇಶ ಆಗಲೇ ಒಂದು ಖಾಲಿ ಮಣ್ಣಿನ ತಟ್ಟೆ ತೊಳೆದು, ನಮ್ಮನೇದರ ಪಕ್ಕ ಬೋರಲು ಹಾಕಿದ್ದಾನೆ.