ಗುಡ್ಡದ ಪತ್ರಿ

ಎಂಬತ್ತರ ದಶಕದ ಕೊನೆಯ ಒಂದು ಏಪ್ರಿಲ್‌ನಲ್ಲಿ ಧಾರವಾಡದಿಂದ ಅಮೆರಿಕಾದ ಲಿವರ್‌ಮೋರ್‌ಗೆ, ಅಕ್ಕನ ಮನೆಗೆ ಹೋಗಿದ್ದೆ. ಊರು ಅಗಲ, ರಸ್ತೆಯಲ್ಲಿ ನಡೆಯುವವರೇ ಇರಲಿಲ್ಲ. ಹಾಲು ತರುವುದಕ್ಕೂ ಅಕ್ಕ ಕಾರು ತೆಗೆಯುತ್ತಿದ್ದಳು. ದ್ರಾಕ್ಷಿ ತೋಟ ಮುಗಿದಲ್ಲಿಂದ ಗುಡ್ಡಗಳು: ಹಸಿರು ಹುಲ್ಲು, ಅಲ್ಲೊಂದು ಇಲ್ಲೊಂದು ಓಕ್ ಮರ, ಬೇಲಿಯಾಚೆ ದನ. ಗಾಳಿ ಬಿಟ್ಟರೆ ಸದ್ದಿಲ್ಲ.

ಭಾನುವಾರ ಇಬ್ಬರೂ ಗುಡ್ಡಕ್ಕೆ ಹೋದೆವು. ಹಳ್ಳದ ದಂಡೆಯಲ್ಲಿ ಒಂದು ಗಿಡ ಕಂಡೆ. ಒಂದು ತೊಟ್ಟಿಗೆ ಮೂರು ಎಲೆ, ಎಣ್ಣೆ ಸವರಿದಂಥ ಹೊಳಪು.

"ಅಕ್ಕಾ, ಪತ್ರಿ!" ಬಿಲ್ವಕ್ಕೆ ನಮ್ಮ ಕಡೆಯ ಹೆಸರು ಅದು.

"ಹುಚ್ಚಿ, ಪತ್ರಿ ಗಿಡಕ್ಕ ಮುಳ್ಳಿರ್ತಾವ. ಇದಕ್ಕೆಲ್ಲಿ ಅದಾವು?"

"ನಿನ್ನಂಗ ಅಮೆರಿಕಾಕ್ಕ ಬಂದು ಮುಳ್ಳು ಕಳಕೊಂಡೈತಿ."

ಅಕ್ಕ ನಕ್ಕಳು. ನಾನೇ ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಸೋಮವಾರ ಸ್ನಾನ ಮಾಡಿ ಅಕ್ಕ ಅಂಗೈಯ ಲಿಂಗಕ್ಕೆ ಎಲೆ ಏರಿಸಿದಳು. ಆಮೇಲೆ ಒಂದನ್ನು ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡಳು. "ಪತ್ರಿ ಏರಿಸಿ ಏಳು ವರ್ಷ ಆಗಿತ್ತು ನೋಡು" ಎಂದಳು.

ಮಂಗಳವಾರ ಮಧ್ಯಾಹ್ನ ಕಣ್ಣು ತುರಿಸಿತು. ಬುಧವಾರ ಬೆಳಿಗ್ಗೆ ಅಂಗೈ ತುಂಬ ಬೊಕ್ಕೆ. ರೆಪ್ಪೆಗಳೆರಡೂ ಊದಿ ಮುಚ್ಚಿದ್ದವು.

"ಏನೂ ಕಾಣವಲ್ದು, ತಂಗೀ."

ನನ್ನ ಕೈಗೆ ಏನೂ ಆಗಿರಲಿಲ್ಲ.

ಭಾವ ಡಾಕ್ಟರ ಬಳಿ ಕರೆದೊಯ್ದರು. ಉಳಿದ ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ದಿದ್ದೆ. ಡಾಕ್ಟರು ನೋಡಿದವರೇ ಕುರ್ಚಿ ಹಿಂದಕ್ಕೆ ಸರಿಸಿದರು. ಅದು ವಿಷದ ಗಿಡ. ಮೂರೆಲೆ ಕಂಡರೆ ಮುಟ್ಟಬೇಡಿ ಎಂದು ಇಲ್ಲಿ ಮಕ್ಕಳಿಗೇ ಕಲಿಸುತ್ತಾರಂತೆ. ನನ್ನಂಥ ಕೆಲವರಿಗೆ ಮಾತ್ರ ಮುಟ್ಟಿದರೂ ಏನೂ ಆಗುವುದಿಲ್ಲವಂತೆ. ಇದನ್ನು ಕಣ್ಣಿಗೆ ಯಾಕೆ ಒತ್ತಿಕೊಂಡಿರಿ ಎಂದು ಕೇಳಿದರು. ಭಾವ ಇಂಗ್ಲಿಷಿನಲ್ಲಿ ಹೇಳಲು ಹೊರಟು, ನಡುವೆಯೇ ನಿಲ್ಲಿಸಿದರು. ಕಣ್ಣಿನೊಳಗೆ ಎಷ್ಟು ತಗುಲಿದೆ ಎಂಬುದು ಬಾವು ಇಳಿದ ಮೇಲಷ್ಟೇ ಗೊತ್ತಾಗುವುದಿತ್ತು.

ಮೂರು ದಿನ ನಾನೇ ಉಣಿಸಿದೆ, ಕೈಹಿಡಿದು ಬಚ್ಚಲಿಗೆ ಕರೆದೊಯ್ದೆ. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಶನಿವಾರ ಮುಂಜಾನೆ ಎಡಗಣ್ಣಿನ ರೆಪ್ಪೆ ದಾರದಷ್ಟು ತೆರೆಯಿತು. ನಾನು ಎದುರಿಗೆ ಕುಳಿತೆ.

"ಕಾಣಸ್ತೈತೇನು?"

ಅವಳು ಬಹಳ ಹೊತ್ತು ನೋಡಿದಳು.

"ವಿಭೂತಿ ಸೊಟ್ಟ ಹಚ್ಚಿಕೊಂಡೀ."

ನಾನು ಸರಿಮಾಡಿಕೊಳ್ಳಲಿಲ್ಲ. ಬಲಗಣ್ಣೂ ತೆರೆಯಲಿ ಎಂದು ಅಲ್ಲೇ ಕುಳಿತೆ.